ಗದ್ದುಗೆಯ ಗೋಡೆ

ಮಲಪ್ರಭೆಯ ದಂಡೆಯಲ್ಲಿರುವ ನಮ್ಮ ಶಾಖಾಮಠದ ಹಳೆಯ ಗದ್ದುಗೆಯ ಗುಡಿಯ ಜೀರ್ಣೋದ್ಧಾರ ಕಾರ್ಯವು ನಡೆದಿರುವುದನ್ನು ಸದ್ಭಕ್ತರು ಬಲ್ಲರು. ಆದರೆ ಆ ಗುಡಿ ಜೀರ್ಣವಾದುದಕ್ಕೆ ಕಾಲಕ್ಕಿಂತ ಮಿಗಿಲಾಗಿ ನಾವೇ ಕಾರಣರೆಂಬುದನ್ನು ಬಹುಜನರು ಅರಿಯರು. ಅದನ್ನು ಹೇಳಿಬಿಡುವುದಕ್ಕಾಗಿಯೇ ಈ ಬರಹ.

2003ರಲ್ಲಿ ನಮಗೆ ಪಟ್ಟಾಧಿಕಾರವಾದ ಹೊಸತು. ಮರಳುಗಲ್ಲಿನ ಗೋಡೆಯ ಮೇಲಿನ ಹಳೆಯ ಗಾರೆ ಅಲ್ಲಲ್ಲಿ ಉದುರಿತ್ತು. ಭಕ್ತರೊಬ್ಬರು ಸಿಮೆಂಟಿನ ಸೇವೆಗೆ ಮುಂದೆ ಬಂದರು. ಹರ್ಷದಿಂದ ಒಪ್ಪಿ, ಒಳಗೂ ಹೊರಗೂ ಸಿಮೆಂಟಿನ ಗಿಲಾವು ಮಾಡಿಸಿ, ಮೇಲೆ ಬಣ್ಣ ಬಳಿಸಿದೆವು. ಬಂದವರೆಲ್ಲ ಹೊಗಳಿದರು. ಕೆಲವೇ ವರುಷಗಳಲ್ಲಿ ಗೋಡೆಯ ಬುಡದಲ್ಲಿ ತೇವವೇರಿ ಬಿಳಿಯ ಉಪ್ಪು ಕಾಣಿಸಿತು. ಅದರ ಮೇಲೆ ಮತ್ತೊಂದು ಪದರ ಸಿಮೆಂಟು ಹಾಕಿಸಿದೆವು!

ಕಳೆದ ವರುಷ ವಯೋವೃದ್ಧ ಗೌಂಡಿಯೊಬ್ಬರು ಚಾಣ ಹಿಡಿದು ಅದನ್ನೆಲ್ಲ ಕಿತ್ತಾಗ, ಒಳಗಿನ ಕಲ್ಲು ಹಿಟ್ಟಿನಂತೆ ಅಂಗೈಗೆ ಉದುರಿತು. “ಅಜ್ಜಾರ, ಗ್ವಾಡಿಗೆ ಉಸಿರಾಡಾಕ ಬಿಟ್ಟಿಲ್ರಿ” ಎಂದರು. ನೆಲದಿಂದ ಏರಿದ ತೇವವು ಸುಣ್ಣದ ಗಾರೆಯ ಮೂಲಕ ಹೊರಟುಹೋಗುತ್ತದೆ; ಸಿಮೆಂಟು ಅದನ್ನು ತಡೆಯುತ್ತದೆ; ಒಳಗೆ ಸಿಕ್ಕಿಬಿದ್ದ ಉಪ್ಪು ಹರಳುಗಟ್ಟಿ ಕಲ್ಲನ್ನೇ ಸೀಳುತ್ತದೆ. ಕಾಲೇಜಿನಲ್ಲಿ ಸುಣ್ಣದ ತಿಳಿನೀರಿಗೆ ಉಸಿರೂದಿ ಅದು ಹಾಲಿನಂತಾಗುವುದನ್ನು ಕಂಡವರು ನಾವು. ಅದೇ ಕ್ರಿಯೆಯಿಂದ, ಗಾಳಿಯ ಇಂಗಾಲಾಮ್ಲವನ್ನು ಹೀರಿ, ಗಾರೆಯು ಮೆಲ್ಲಮೆಲ್ಲನೆ ಸುಣ್ಣಕಲ್ಲಾಗುತ್ತದೆಂಬುದು ಹೊಳೆಯಲಿಲ್ಲ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಪೇಟೆಂಟು ದೊರೆತುದು 1824ರಲ್ಲಿ, ಕಿತ್ತೂರಿನ ಕಾಳಗದ ವರುಷ. ಅದಕ್ಕೂ ಮುನ್ನ ನಮ್ಮ ಗುಡಿಗಳು ಬಿದ್ದುಹೋಗಿರಲಿಲ್ಲವಲ್ಲ!

ಈಗ ಅಂಗಳದಲ್ಲಿ ಸುಟ್ಟ ಸುಣ್ಣವನ್ನು ಅರಳಿಸಿ, ವಾರಗಟ್ಟಲೆ ನೀರಿನಡಿ ಮಾಗಿಸಿ, ಮರಳು ಕೂಡಿಸಿ ಗಾಣದಲ್ಲಿ ಅರೆಯಲಾಗುತ್ತಿದೆ. ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು ಅದಕ್ಕೆ ಸೇರುತ್ತವೆ.

ದೇಹವನ್ನೇ ದೇಗುಲವೆಂದ ಶರಣರ ಮಕ್ಕಳಿಗೆ ಈ ಕಲ್ಲಿನ ಚಿಂತೆ ಏಕೆ ಎಂದು ಪಾಠಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಇದೇ ಮಲಪ್ರಭೆ ಕೃಷ್ಣೆಯನ್ನು ಕೂಡುವ ಕೂಡಲಸಂಗಮದಲ್ಲಿ, ನಾರಾಯಣಪುರ ಜಲಾಶಯದ ಹಿನ್ನೀರು ಬಂದಾಗ, ಬಸವಣ್ಣನವರ ಐಕ್ಯಸ್ಥಳವನ್ನು ಮುಳುಗಲು ಬಿಡದೆ ಸುತ್ತಲೂ ಬಾವಿಯಂತೆ ಗೋಡೆಯೆತ್ತಿ ಕಾಪಾಡಿದರು. ಮೆಟ್ಟಿಲಿಳಿದು ದರ್ಶನ ಪಡೆಯುವಾಗ ಯಾರೂ ಇದು ಸ್ಥಾವರಪೂಜೆಯೆಂದು ಆಕ್ಷೇಪಿಸಿದ್ದನ್ನು ನಾವು ಕೇಳಿಲ್ಲ. ಇಷ್ಟಾದರೂ ಆ ವಿದ್ಯಾರ್ಥಿಗೆ ಪೂರ್ಣ ಸಮಾಧಾನ ಹೇಳಿದೆವೆಂದು ನಮಗೆ ಅನಿಸಿಲ್ಲ.

ಗುಡಿಯ ಹಿಂದಿನ ರುದ್ರಭೂಮಿಯದು ಇನ್ನೂ ಬಿಗಿಯಾದ ಪ್ರಶ್ನೆ. ಜಾಲಿ ಬೆಳೆದು ಮುಚ್ಚಿದ ಆ ಭೂಮಿಯಲ್ಲಿ ಊರಿನ ಒಕ್ಕಲಿಗರೂ ಮಠದ ಸೇವಕರೂ ಕ್ರಿಯಾಸಮಾಧಿ ಹೊಂದಿದ್ದಾರೆ. ಅಂಗೈಯಲ್ಲಿ ಇಷ್ಟಲಿಂಗ, ಸುತ್ತಲೂ ವಿಭೂತಿ ಪತ್ರೆ. ಒಳಗೆ ಅವರಿಗೂ ಗದ್ದುಗೆಯ ಗುರುಗಳಿಗೂ ಭೇದವಿಲ್ಲ. ಮೇಲೆ ಮಾತ್ರ ಇವರಿಗೆ ಗುಡಿ, ಅವರಿಗೆ ಒಂದು ಗುಂಡುಕಲ್ಲು. ಅದನ್ನು ಸಮಗೊಳಿಸಿ ವಾಹನ ನಿಲ್ಲಿಸಲು ಸ್ಥಳ ಮಾಡಬೇಕೆಂದು ಕಮಿಟಿಯ ಹಿರಿಯರು ಸೂಚಿಸಿದರು. ಮರೆಮಾಚದೆ ಹೇಳುವುದಾದರೆ ನಾವೂ ಒಪ್ಪುವವರಿದ್ದೆವು.

ಸ್ಥಳ ನೋಡಲು ಹೋದ ದಿನ ಮುದುಕಿಯೊಬ್ಬಳು ಜಾಲಿಯ ನಡುವೆ ನಿಂತು ಒಂದೊಂದೇ ದಿಕ್ಕಿಗೆ ತಿರುಗಿ ಕೈಮುಗಿಯುತ್ತಿದ್ದಳು. “ಏನು ತಾಯಿ?” ಎಂದೆವು.

“ನನ್ನ ಕೂಸಿನ್ನ ಇಲ್ಲೇ ಎಲ್ಲೋ ಮಣ್ಣು ಮಾಡ್ಯಾರ್ರಿ ಯಪ್ಪಾ. ಹಸಿ ಬಾಣಂತಿ ಇದ್ದೆ, ಬರಾಕ ಬಿಡಲಿಲ್ರಿ. ಜಾಗಾ ಗೊತ್ತಿಲ್ಲ. ಅದಕ್ಕ ಎಲ್ಲಾ ಕಡೆ ಕೈ ಮುಗೀತೀನಿ.”

ಕಮಿಟಿಯ ಹಿರಿಯರು ನೆಲ ನೋಡುತ್ತ ನಿಂತರು. ನಮಗೂ ಮಾತು ಹೊರಡಲಿಲ್ಲ.

ಸಮಗೊಳಿಸುವ ವಿಚಾರ ಕೈಬಿಟ್ಟಿದ್ದೇವೆ. ಯಂತ್ರ ತರಿಸದೆ, ಜಾಲಿಯನ್ನು ಬುಡಕ್ಕೆ ಕಡಿಸಿ, ಬೇರನ್ನು ಮಣ್ಣಿನಲ್ಲಿಯೇ ಬಿಟ್ಟಿದ್ದೇವೆ. ಕಂಡ ಗುಂಡುಕಲ್ಲುಗಳನ್ನೆಲ್ಲ ಹಗ್ಗ ಹಿಡಿದು ಅಳೆದು ಮಠದ ಕಡತದಲ್ಲಿ ಬರೆಸಲಾಗುತ್ತಿದೆ. ತಮ್ಮ ಹಿರಿಯರ ಸ್ಥಳ ಬಲ್ಲವರು ಬಂದು ಹೇಳಬೇಕು. ಕಲ್ಲಿಲ್ಲದ ಕಡೆಯೂ ಗುದ್ದಲಿ ಹಾಕಕೂಡದೆಂದು ತಿಳಿಸಿದ್ದೇವೆ.

ಗುಡಿಯ ಬಾಗಿಲು ಈ ಶ್ರಾವಣಕ್ಕೆ ತೆರೆಯುವುದಿಲ್ಲ. ದಾನಿಗಳಲ್ಲಿ ಕೆಲವರಿಗೆ ಇದರಿಂದ ಬೇಸರವಾಗಿದೆ. ಗಾರೆ ಇನ್ನೂ ಹಸಿಯಾಗಿದೆ. ಗೋಣಿತಾಟು ಹೊದಿಸಿ ದಿನವೂ ನೀರು ಚಿಮುಕಿಸಬೇಕು. ದರ್ಶನಕ್ಕೆ ಬರುವವರು ಹೊರಗಿನಿಂದಲೇ ನಮಸ್ಕರಿಸಬೇಕು, ಗೋಡೆಯನ್ನು ಮುಟ್ಟಬಾರದು.