ಟೊಳ್ಳು ಮೂತಿಯ ಗುಂಡು

ಇಂಗ್ಲಿಷಿನೋರ ಹಾಡು ನಮಗ್ಯಾಕೆ ಅಂತ ಮೊದಲು ಗೊಣಗಿದವರು ನಾವೇ. ಇಂಗ್ಲೆಂಡ್ ಅಂದ್ರೆ ನಮ್ಮ ತಲೆಯಲ್ಲಿ ದೊರೆಗಳು, ದೊರೆಸಾನಿಗಳು. ಅಲ್ಲೂ ಕೂಲಿ ಜನ ಇದ್ದಾರೆ, ಕಟ್ಟಿದವರ ಹೆಸರೇ ಇಲ್ಲದ ಅವರ ಹಾಡುಗಳಿವೆ ಅನ್ನೋದನ್ನ ಮರೆತೇ ಬಿಟ್ಟಿದ್ದೆವು. ಒಂದು ಸಂಜೆ ಐದಾರು ಗೆಳೆಯರು ಕೂತು ಕ್ರಿಸ್ ವುಡ್ ಅನ್ನೋ ಹಾಡುಗಾರನ 'ಹ್ಯಾಂಡ್‌ಮೇಡ್ ಲೈಫ್' ಆಲ್ಬಂ ಕೇಳಿದೆವು. ನಮ್ಮಲ್ಲಿ ಇಂಗ್ಲಿಷ್ ಮೇಷ್ಟ್ರೊಬ್ಬರು ನಿಲ್ಲಿಸಿ ನಿಲ್ಲಿಸಿ ಅರ್ಥ ಹೇಳಿದರು.

'ಹಾಲೋ ಪಾಯಿಂಟ್' ಅನ್ನೋ ಹಾಡು ಬಂದಾಗ ಗೊಣಗಾಟ ನಿಂತಿತು. ಅದು ಝ್ಯಾಂ ಚಾರ್ಲ್ಸ್ ಡಿ ಮೆನೆಜಸ್ ಎಂಬ ಇಪ್ಪತ್ತೇಳು ವರ್ಷದವನ ಕತೆ. ಬ್ರೆಜಿಲ್‌ನಿಂದ ಲಂಡನ್ನಿಗೆ ದುಡಿಯೋಕೆ ಬಂದ ಎಲೆಕ್ಟ್ರಿಷಿಯನ್. 2005ರ ಜುಲೈ 7ರಂದು ಆ ಊರಲ್ಲಿ ಬಾಂಬು ಸಿಡಿದು 52 ಜನ ಸತ್ತಿದ್ದರು. 21ರಂದು ಮತ್ತೆ ಇಟ್ಟ ಬಾಂಬುಗಳು ಸಿಡಿಯಲಿಲ್ಲ. ಮಾರನೆ ದಿನ ಬೆಳಿಗ್ಗೆ ಇವನು ಕೆಲಸಕ್ಕೆ ಹೊರಟ. ಪೊಲೀಸರು ಹುಡುಕುತ್ತಿದ್ದ ಮನುಷ್ಯನ ವಿಳಾಸವೂ ಅದೇ ಕಟ್ಟಡದ್ದು. ಇವನೇ ಅವನು ಅಂದುಕೊಂಡು ಬೆನ್ನು ಹತ್ತಿದರು. ಸ್ಟಾಕ್‌ವೆಲ್ ಸ್ಟೇಷನ್ನಿನಲ್ಲಿ, ರೈಲಿನೊಳಗೆ, ತಲೆಗೆ ಏಳು ಗುಂಡು ಹೊಡೆದರು.

ಹಾಡು ಆ ಕೊನೆಯ ದಾರಿ ಹಿಡಿದು ಅವನ ಜೊತೆಗೇ ನಡೆಯುತ್ತೆ. ಕೂಗಾಟವಿಲ್ಲ, ಅವಸರವಿಲ್ಲ.

"ಇದರಲ್ಲಿ ಸಿಟ್ಟೆಲ್ಲಿದೆ? ಒಂದು ಧಿಕ್ಕಾರವೂ ಇಲ್ವಲ್ಲ ಸಾರ್" ಅಂತ ಕಾಲೇಜು ಹುಡುಗನೊಬ್ಬ ಕೇಳಿದ. ನಮಗೂ ಹಾಗೇ ಅನ್ನಿಸಿತ್ತು. ತಮಟೆ ಹೊಡೆದು ಗಂಟಲು ಹರಿಯೋ ಹಾಗೆ ಹಾಡಿ ಬೆಳೆದವರು ನಾವು. ಎರಡನೇ ಸಲ ಕೇಳಿದಾಗ ತಿಳೀತು. ಮುಂದೇನಾಗುತ್ತೆ ಅಂತ ಕೇಳುವ ನಮಗೆ ಗೊತ್ತು, ಹೋಗುತ್ತಿರುವವನಿಗೆ ಗೊತ್ತಿಲ್ಲ. ಅವನನ್ನು ತಡೀಬೇಕು ಅಂತ ನಮ್ಮ ಕೈಕಾಲು ತವಕಿಸುತ್ತೆ. ಹಾಡುಗಾರ ಸಿಟ್ಟಾಗಲಿಲ್ಲ, ಸಿಟ್ಟಿಗೆದ್ದವರು ನಾವು.

ಪ್ರಭುತ್ವದ ಬಾಯಿ ಎಲ್ಲ ಕಡೆ ಒಂದೇ. ಅವನು ದಪ್ಪ ಕೋಟು ತೊಟ್ಟಿದ್ದ, ಗೇಟು ಹಾರಿ ಓಡಿದ ಅಂತ ಮೊದಲು ಸುದ್ದಿ ಹಬ್ಬಿತು. ತೊಟ್ಟಿದ್ದು ತೆಳು ಜೀನ್ಸ್ ಜಾಕೆಟ್ಟು. ಎಲ್ಲರ ಹಾಗೆ ಕಾರ್ಡು ತೋರಿಸಿಯೇ ಒಳಗೆ ಹೋಗಿದ್ದ. ಗುಂಡು ಹೊಡೆದ ಯಾರ ಮೇಲೂ ಕೊಲೆ ಮೊಕದ್ದಮೆ ಆಗಲಿಲ್ಲ. 2007ರಲ್ಲಿ ಪೊಲೀಸ್ ಇಲಾಖೆಗೆ 1,75,000 ಪೌಂಡ್ ದಂಡ ಬಿತ್ತು. ಅದೂ ಯಾವ ಕಾನೂನಿನಲ್ಲಿ? ದುಡಿಯೋ ಜಾಗದ ಆರೋಗ್ಯ, ಸುರಕ್ಷತೆಯ 1974ರ ಕಾನೂನಿನಲ್ಲಿ! 2008ರ ವಿಚಾರಣೆಯಲ್ಲಿ, ಇದು ಕಾನೂನುಬಾಹಿರ ಕೊಲೆ ಅಂತ ಹೇಳುವ ದಾರಿಯನ್ನೇ ಜ್ಯೂರಿಗೆ ಮುಚ್ಚಲಾಗಿತ್ತು. ಅವರು ಯಾವ ಕಡೆಗೂ ತೀರ್ಮಾನ ಕೊಡದೆ ಉಳಿದರು.

ಇನ್ನು ಹಾಡಿನ ಹೆಸರು. ಹಾಲೋ ಪಾಯಿಂಟ್ ಅಂದ್ರೆ ಟೊಳ್ಳು ಮೂತಿಯ ಗುಂಡು. ಮೈಯೊಳಗೆ ಹೊಕ್ಕ ಮೇಲೆ ಅರಳಿಕೊಳ್ಳುತ್ತೆ. ಹೀಗೆ ಅರಳುವ ಗುಂಡುಗಳಿಗೆ ಕುಖ್ಯಾತಿ ತಂದದ್ದು ಕಲ್ಕತ್ತದ ಹತ್ತಿರದ ದಂ ದಂ ಕಾರ್ಖಾನೆ. 1890ರ ದಶಕದಲ್ಲಿ ಬ್ರಿಟಿಷರು ಅಲ್ಲಿ ಅವನ್ನು ಮಾಡಿಸಿ ವಾಯವ್ಯ ಗಡಿಯ ಬುಡಕಟ್ಟು ಜನರ ಮೇಲೆ ಬಳಸಿದರು. 1899ರ ಹೇಗ್ ಘೋಷಣೆ ಇಂಥವನ್ನು ಯುದ್ಧದಲ್ಲಿ ನಿಷೇಧಿಸಿತು. ಸೈನಿಕನಿಗೆ ಹೊಡೆಯಬಾರದು ಅಂದ ಜಾತಿಯ ಗುಂಡನ್ನೇ, ನೂರು ವರ್ಷ ದಾಟಿದ ಮೇಲೆ, ದುಡಿಯೋಕೆ ಬಂದವನ ತಲೆಗೆ ಹೊಡೆದರು.

ಆ ರಾತ್ರಿ ಮನೆಗೆ ಹೋಗುವಾಗ ನಮ್ಮನ್ನು ಒಂದು ಮಾತು ಕಾಡಿತು. ನಮ್ಮ ಕರಪತ್ರಗಳಲ್ಲಿ ಸತ್ತವರು ಎಷ್ಟು ಜನ ಅಂತ ಬರೆದಿದ್ದೇವೆ. ಧಿಕ್ಕಾರ ಹಾಕಿದ್ದೇವೆ, ಹಾಕಲೂಬೇಕು. ಆದರೆ ಆ ಬೆಳಿಗ್ಗೆ ಅವರು ಯಾವ ಕೆಲಸಕ್ಕೆ ಹೊರಟಿದ್ರು, ದಾರೀಲಿ ಯಾರಿಗೆ ಏನು ಹೇಳಿದ್ರು ಅಂತ ನಾವು ಅವರ ಮನೆಯವರನ್ನ ಕೇಳಿದ್ದೇವಾ?