ರಾಬಿನ್ ಬರೆದ ಪಾಸ್‌ಪೋರ್ಟ್

1974ರ ಸೆಪ್ಟೆಂಬರ್ 15, ಭಾನುವಾರ. ಮಾಸ್ಕೋದ ಅಂಚಿನ ಬೆಲ್ಯಾಯೆವೊದಲ್ಲಿ ಒಂದು ಬಯಲು. ಜಿಟಿಜಿಟಿ ಮಳೆ, ಕಾಲಿಟ್ಟಲ್ಲೆಲ್ಲ ಕೆಸರು. ಕ್ಯಾನ್ವಾಸುಗಳನ್ನು ಎದೆಗವುಚಿಕೊಂಡ ಕೆಲವರು ಬಯಲಿನ ಕಡೆಗೆ ಬರುತ್ತಿದ್ದಾರೆ. ಅವರು ಹಂಚಿದ ಆಮಂತ್ರಣದಲ್ಲಿ ಹನ್ನೆರಡರಿಂದ ಎರಡು ಗಂಟೆಯವರೆಗೆ ಚಿತ್ರಪ್ರದರ್ಶನ ಎಂದಿದೆ. ಸರ್ಕಾರ ಒಪ್ಪಿದ ಶೈಲಿಯಲ್ಲಿ ಬರೆಯದವರಿಗೆ ಇಲ್ಲಿ ಗ್ಯಾಲರಿಯ ಬಾಗಿಲು ತೆರೆಯುವುದಿಲ್ಲ. ಬಯಲಿಗೆ ಬಾಗಿಲೇ ಇಲ್ಲವಲ್ಲ, ಅಲ್ಲಿ ಯಾರು ತಡೆದಾರು ಎಂಬುದು ಅವರ ಲೆಕ್ಕ.

ಬಯಲಲ್ಲಿ ಆಗಲೇ ಬೇರೆ ಜನ ನಿಂತಿದ್ದಾರೆ. ಇಲ್ಲಿ ಗಿಡ ನೆಟ್ಟು ಪಾರ್ಕ್ ಮಾಡುತ್ತಿದ್ದೇವೆ, ಜಾಗ ಬಿಡಿ ಎನ್ನುತ್ತಾರೆ. ಅವರ ಬೆನ್ನಹಿಂದೆ ಬುಲ್ಡೋಜರುಗಳು, ಟಿಪ್ಪರ್ ಲಾರಿಗಳು, ರಸ್ತೆ ತೊಳೆಯುವ ನೀರಿನ ಟ್ಯಾಂಕರುಗಳು. ನೋಡನೋಡುತ್ತಲೇ ಎಂಜಿನ್ ಗುಡುಗುತ್ತದೆ. ಒಬ್ಬನ ಕೈಯಿಂದ ಚಿತ್ರ ಕಿತ್ತು ಲಾರಿಗೆ ಎಸೆಯುತ್ತಾರೆ. ಇನ್ನೊಂದು ಚಿತ್ರ ಕೆಸರಿನಲ್ಲಿ ಲಟಲಟನೆ ಮುರಿಯುತ್ತದೆ. ನೀರಿನ ಹೊಡೆತಕ್ಕೆ ಜನ ದಿಕ್ಕಾಪಾಲು.

ಕನ್ನಡಕದ ಒಬ್ಬ ಮನುಷ್ಯ ಮಾತ್ರ ಓಡುವುದಿಲ್ಲ. ಮುನ್ನುಗ್ಗುವ ಬುಲ್ಡೋಜರಿನ ಎದುರು ನಿಂತು, ಅದರ ಕಬ್ಬಿಣದ ಹಲಗೆಯ ಮೇಲಂಚನ್ನು ಎರಡೂ ಕೈಯಲ್ಲಿ ಹಿಡಿದು ಜೋತುಬೀಳುತ್ತಾನೆ. ಯಂತ್ರ ನಿಲ್ಲುವುದಿಲ್ಲ. ಕೆಳಗೆ ಸರಿಯುವ ನೆಲಕ್ಕೆ ಸಿಗದಂತೆ ಕಾಲು ಮಡಚಿಕೊಳ್ಳುತ್ತಾನೆ. ವಿದೇಶಿ ಪತ್ರಕರ್ತರ ಕ್ಯಾಮೆರಾಗಳು ಅವನತ್ತ ತಿರುಗುತ್ತವೆ.

ಅವನು ಆಸ್ಕರ್ ರಾಬಿನ್. ವಯಸ್ಸು 46. ಮಾಸ್ಕೋದಲ್ಲೇ ಹುಟ್ಟಿದವನು. ತಂದೆತಾಯಿ ಇಬ್ಬರೂ ವೈದ್ಯರು. ಎಳವೆಯಲ್ಲೇ ಇಬ್ಬರನ್ನೂ ಕಳೆದುಕೊಂಡ. ಸೂರಿಕೋವ್ ಕಲಾಶಾಲೆಯಿಂದ ಹೊರದಬ್ಬಿಸಿಕೊಂಡ ಮೇಲೆ ರೈಲು ವ್ಯಾಗನ್‌ಗಳಿಂದ ಸರಕು ಇಳಿಸುವ ಕೈದಿಗಳ ಮೇಲ್ವಿಚಾರಕನಾಗಿ ದುಡಿದ. ಲಿಯಾನೊಝೊವೊದ ಹಲಗೆ ಬ್ಯಾರಕಿನಲ್ಲಿ ಹೆಂಡತಿ ವ್ಯಾಲೆಂಟೀನಾ ಜೊತೆ ಸಂಸಾರ. ಭಾನುವಾರ ಬಂತೆಂದರೆ ಆ ಇಕ್ಕಟ್ಟಾದ ಕೋಣೆಗೆ ಕವಿಗಳು, ಚಿತ್ರಕಾರರು ಬರುತ್ತಿದ್ದರು. ಅವನು ಬರೆದದ್ದೂ ಅದೇ ಬದುಕನ್ನು: ಓರೆಯಾಗಿ ನಿಂತ ಬ್ಯಾರಕುಗಳು, ವೋಡ್ಕಾ ಬಾಟಲಿ, ಪತ್ರಿಕೆಯ ಮೇಲಿಟ್ಟ ಉಪ್ಪುಮೀನು. ಬಣ್ಣ ಮಸಿ ಹಿಡಿದ ಅಡುಗೆಮನೆಯ ಗೋಡೆಯಂತೆ. ಸುಳ್ಳು ಹೇಳಲೊಲ್ಲದ ಆ ಬಣ್ಣವೇ ನನಗೆ ಅವನ ಧೈರ್ಯವೆಂದು ಕಾಣುತ್ತದೆ. ಬುಲ್ಡೋಜರಿಗೆ ಜೋತುಬಿದ್ದದ್ದು ಆಮೇಲಿನ ಮಾತು.

ಆ ಚಿತ್ರಗಳಲ್ಲಿ ಒಂದರ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಕ್ಯಾನ್ವಾಸಿನ ತುಂಬ ಬಿಚ್ಚಿಟ್ಟ ಸೋವಿಯತ್ ಪಾಸ್‌ಪೋರ್ಟ್, ಅವನದೇ. ಜನಾಂಗದ ಕಾಲಮ್ಮಿನಲ್ಲಿ ಲಾಟ್ವಿಯನ್ ಎಂದು ಬರೆದು, ಆವರಣದೊಳಗೆ ಯಹೂದಿ ಎಂದು ಸೇರಿಸಿದ್ದಾನೆ. ಯಾವ ಪಾಸ್‌ಪೋರ್ಟಿನಲ್ಲೂ ಇರದ ಇನ್ನೊಂದು ಕಾಲಮ್ಮೂ ಇದೆ: ಸಾಯುವ ಸ್ಥಳ. ಅದರೆದುರು ಎರಡು ಪ್ರಶ್ನೆ. ಬೇಲಿಯ ಬುಡದಲ್ಲೋ? ಇಸ್ರೇಲಿನಲ್ಲೋ?

ಬೆಲ್ಯಾಯೆವೊದ ಸುದ್ದಿ ಜಗತ್ತಿಗೆಲ್ಲ ಹಬ್ಬಿತು. ಎರಡೇ ವಾರದಲ್ಲಿ, ಸೆಪ್ಟೆಂಬರ್ 29ರಂದು, ಇಝ್ಮೈಲೊವೊ ಪಾರ್ಕಿನಲ್ಲಿ ನಾಲ್ಕು ಗಂಟೆಗಳ ಪ್ರದರ್ಶನಕ್ಕೆ ಅದೇ ಸರ್ಕಾರ ಒಪ್ಪಬೇಕಾಯಿತು. ಸಾವಿರಾರು ಜನ ಹುಲ್ಲಿನ ಮೇಲೆ ನಡೆದು ಚಿತ್ರ ನೋಡಿದರು.

1978ರಲ್ಲಿ ಹೆಂಡತಿ, ಮಗನ ಜೊತೆ ಪ್ಯಾರಿಸ್ಸಿಗೆ ಬಂದ. ವಾಪಸ್ ಹೋಗುವ ಮನಸ್ಸಿತ್ತು. ಅದೇ ವರ್ಷ ಅವನ ಪೌರತ್ವ ಕಿತ್ತುಕೊಂಡರು. ಪಾಂಪಿಡೂ ಕೇಂದ್ರದ ಸಮೀಪ ಮನೆ ಮಾಡಿ, ಪ್ಯಾರಿಸ್ಸಿನ ಬೀದಿಗಳನ್ನೂ ಆ ಮಸಿಬಣ್ಣದಲ್ಲೇ ಬರೆದ. ನಾಲ್ಕು ದಶಕ ಅಲ್ಲೇ. ಪ್ಯಾರಿಸ್ಸಿನ ರಷ್ಯನ್ ರಾಯಭಾರ ಕಚೇರಿಯಲ್ಲಿ ಅವನ ಕೈಗೆ ಮತ್ತೆ ಪಾಸ್‌ಪೋರ್ಟ್ ಇಟ್ಟದ್ದು 2006ರಲ್ಲಿ.

2018ರ ನವೆಂಬರ್ 7ರಂದು, ತೊಂಬತ್ತರ ವಯಸ್ಸಿನಲ್ಲಿ, ತಾನೇ ಬರೆದಿಟ್ಟ ಆ ಕಾಲಮ್ಮನ್ನು ತುಂಬಿದ: ಫ್ಲಾರೆನ್ಸ್, ಇಟಲಿ.