ನಂದಿಯ ದರ್ಶನಕ್ಕೆ ಯಾವ ಕಿಟಕಿ?

ಯಲಹಂಕದಲ್ಲಿ ವಾಸಿಸತಕ್ಕ ನಮಗೆ ವಿಮಾನವೆಂದರೆ ತಲೆಯೆತ್ತಿ ನೋಡುವ ವಸ್ತು. ವಾಯುಸೇನೆಯ ನೆಲೆ ನೆರೆಯಲ್ಲಿಯೇ ಇರುವುದರಿಂದಲೂ, 1996ರಿಂದ ಅಲ್ಲಿ ವಿಮಾನ ಪ್ರದರ್ಶನ ನಡೆಯುತ್ತ ಬಂದಿರುವುದರಿಂದಲೂ ನಮ್ಮ ಬೀದಿಯ ಕೂಸುಗಳು ಕೂಡ ಅದರ ಸದ್ದಿಗೆ ಬೆಚ್ಚುವುದಿಲ್ಲ. ಆದರೆ ಮೇಲಿನಿಂದ ನಮ್ಮ ಸೀಮೆ ಹೇಗೆ ಕಾಣುವುದೆಂದು ತಿಳಿಯುವ ಸಂದರ್ಭ ನನಗೆ ಒದಗಿದ್ದು ಕಳೆದ ಪುಷ್ಯಮಾಸದಲ್ಲಿ, ಅಕ್ಕನನ್ನು ದೆಹಲಿಗೆ ಬಿಟ್ಟುಬರಲು ಹೋದಾಗ.

ಅಕ್ಕನಿಗೆ ಎಪ್ಪತ್ತೆರಡು ವರ್ಷ. ನಂದಿಬೆಟ್ಟದ ತಪ್ಪಲಿನಲ್ಲಿದ್ದ ಮನೆಯನ್ನು ಮಾರಿ ಮಗನ ಬಳಿಗೆ ಹೊರಟಿದ್ದಳು. ಹಿಂದಿರುಗುವ ಟಿಕೆಟ್ಟು ಇದ್ದದ್ದು ನನಗೊಬ್ಬನಿಗೇ. “ಮೇಲಿಂದ ಬೆಟ್ಟ ಕಾಣುತ್ತೇನೋ? ಕಂಡರೆ ಒಂದು ಸಲ ತೋರಿಸಿಬಿಡಪ್ಪ” ಎಂದಳು. ರಘುವಂಶದ 13ನೆಯ ಸರ್ಗದಲ್ಲಿ ಶ್ರೀರಾಮನು ಪುಷ್ಪಕದಿಂದ ಸೀತೆಗೆ ಸಮುದ್ರವನ್ನೂ ಜನಸ್ಥಾನವನ್ನೂ ತೋರಿಸುತ್ತ ಬರುವುದನ್ನು ಬಹುಕಾಲ ಪಾಠ ಹೇಳಿದವನು ನಾನು. ಆತನಿಗೆ ಆಸನವನ್ನು ಗೊತ್ತುಮಾಡುವ ತೊಡಕಿರಲಿಲ್ಲ. ಕಿಟಕಿಯ ಪಕ್ಕಕ್ಕೆಂದು ಬೇರೆ ಹಣ ತೆರುವ ಕಷ್ಟವೂ ಇರಲಿಲ್ಲ.

ನಾನು ಮಾಡಿದ ಲೆಕ್ಕ ಹೀಗೆ. 2008ರಲ್ಲಿ ಆರಂಭವಾದ ದೇವನಹಳ್ಳಿಯ ನಿಲ್ದಾಣಕ್ಕೆ ಈಗ ಎರಡು ಓಡುದಾರಿಗಳಿವೆ. ಎರಡೂ ಪೂರ್ವ ಪಶ್ಚಿಮವಾಗಿ ಮಲಗಿವೆ. ನಂದಿಬೆಟ್ಟವಿರುವುದು ಅಲ್ಲಿಂದ ಬಹುಮಟ್ಟಿಗೆ ನೇರ ಉತ್ತರಕ್ಕೆ, ಸುಮಾರು 20 ಕಿಲೋಮೀಟರಿನಾಚೆ. ಟಿಪ್ಪು ಹುಟ್ಟಿದ ದೇವನಹಳ್ಳಿಯ ಕೋಟೆಯೂ ಅದೇ ದಿಕ್ಕಿನಲ್ಲಿದೆ. ಹೆಬ್ಬಾಳ ಯಲಹಂಕಗಳ ಕೆರೆಗಳನ್ನು ಕಾಣಬೇಕೆನ್ನುವವರಾದರೋ ಇದಕ್ಕೆ ವಿರುದ್ಧವಾಗಿ ದಕ್ಷಿಣದ ಮಗ್ಗುಲನ್ನು ಹಿಡಿಯತಕ್ಕದ್ದು. ಇನ್ನು ವಿಮಾನವು ಗಾಳಿಗೆ ಎದುರಾಗಿಯೇ ಏಳುವುದು, ಎದುರಾಗಿಯೇ ಇಳಿಯುವುದು. ನಮ್ಮಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಗಾಳಿ ಪಶ್ಚಿಮದಿಂದ, ಚಳಿಗಾಲದಲ್ಲಿ ಪೂರ್ವದಿಂದ. ಆದಕಾರಣ ಚಳಿಗಾಲದಲ್ಲಿ ವಿಮಾನವು ಸಾಮಾನ್ಯವಾಗಿ ಪೂರ್ವಾಭಿಮುಖವಾಗಿ ಏಳುತ್ತದೆ. ಉತ್ತರವು ನಮ್ಮ ಎಡಕ್ಕೆ ಬರುತ್ತದೆ. ದೆಹಲಿಗೆ ಹೋಗತಕ್ಕದ್ದು ಬಳಿಕ ಎಡಕ್ಕೆ ತಿರುಗಿದರೂ ಬೆಟ್ಟ ಎಡಗಡೆಯೇ ಉಳಿಯುತ್ತದೆ. ಬೆಳಗ್ಗೆ ಹತ್ತು ಗಂಟೆಯ ಬಿಸಿಲು ಬಲಗಡೆಗೆ ಬೀಳುವುದರಿಂದ, ಪೊರೆಯ ಶಸ್ತ್ರಚಿಕಿತ್ಸೆಯಾದ ಅಕ್ಕನ ಕಣ್ಣಿಗೂ ಬಾಧೆಯಿಲ್ಲ. “ಎಡಗಡೆಯ ಕಿಟಕಿ, ಎ ಅಕ್ಷರದ್ದು” ಎಂದು ಸೋದರಳಿಯನಿಗೆ ಫೋನಿನಲ್ಲಿ ಅಪ್ಪಣೆ ಮಾಡಿದೆ.

ಲೆಕ್ಕದಲ್ಲಿ ನಾನು ಬಿಟ್ಟದ್ದು ರೆಕ್ಕೆಯನ್ನು! ಒಳಹೊಕ್ಕು ಕುಳಿತು ನೋಡಿದರೆ ಅಕ್ಕನ ಕಿಟಕಿಯ ಕೆಳಗೆ ಅಂಗಳದಷ್ಟು ಅಗಲದ ರೆಕ್ಕೆ. ಹುಬ್ಬಳ್ಳಿ ಮೈಸೂರುಗಳಿಗೆ ಹೋಗುವ ಎ.ಟಿ.ಆರ್. ಎಂಬ ಚಿಕ್ಕ ವಿಮಾನಗಳಲ್ಲಿ ರೆಕ್ಕೆ ತಲೆಯ ಮೇಲಿರುವುದರಿಂದ ಈ ಅಡ್ಡಿಯಿಲ್ಲ. ದೊಡ್ಡವುಗಳಲ್ಲಿ ರೆಕ್ಕೆಗಿಂತ ಚೆನ್ನಾಗಿ ಮುಂದೆಯೋ, ತೀರ ಹಿಂದೆಯೋ ಕುಳಿತುಕೊಳ್ಳಬೇಕು.

ವಿಮಾನ ಪೂರ್ವಕ್ಕೇ ಎದ್ದಿತು. ಆ ಮಟ್ಟಿಗೆ ನನ್ನ ಲೆಕ್ಕ ಸರಿ. ಕ್ಷಣಮಾತ್ರ ದೂರದಲ್ಲಿ ಬೂದುಬಣ್ಣದ ದಿಣ್ಣೆಯೊಂದು ಕಂಡಿತು. ಅಷ್ಟರಲ್ಲಿ ವಿಮಾನ ಎಡಕ್ಕೆ ವಾಲಿ, ರೆಕ್ಕೆ ಇಳಿದು ಎಲ್ಲವನ್ನೂ ಮುಚ್ಚಿತು. ನಡುಪಟ್ಟಿ ಬಿಚ್ಚುವಂತಿಲ್ಲ, ಬೇರೆಡೆ ಹೋಗಿ ನೋಡುವಂತಿಲ್ಲ. ಅಕ್ಕ ಗಾಜಿಗೆ ಹಣೆಯಿಟ್ಟು ಮಾತಿಲ್ಲದೆ ಕುಳಿತಿದ್ದಳು. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ತಿರುವು ಮುಗಿದು ವಿಮಾನ ನೆಟ್ಟಗಾದ ಮೇಲೆ, ರೆಕ್ಕೆಯ ಹಿಂಬದಿಯ ಅಂಚಿನಿಂದ ಬೆಟ್ಟ ಮೆಲ್ಲನೆ ಹೊರಬಂದಿತು. ನೆಲವೆಲ್ಲ ಹಿಂದಕ್ಕೆ ಸರಿಯುವುದಷ್ಟೆ. ಅದನ್ನೂ ನಾನು ಯೋಚಿಸಿರಲಿಲ್ಲ. ಅಕ್ಕ ಕತ್ತು ತಿರುಗಿಸಿ ಹಿಂದಕ್ಕೆ ನೋಡಿದಳು. ನಿಲ್ದಾಣದ ನೆಲವೇ 900 ಮೀಟರಿಗಿಂತ ಎತ್ತರದಲ್ಲಿರುವುದರಿಂದ 1478 ಮೀಟರಿನ ನಂದಿ ಅಷ್ಟರಲ್ಲಿ ನಮಗಿಂತ ಬಹಳ ಕೆಳಗಾಗಿತ್ತು.

“ಇಷ್ಟೇನೇನೋ ಇದು? ನಮ್ಮ ಹಿತ್ತಿಲಿಂದ ಆಕಾಶಾನೇ ಕಾಣಿಸ್ತಿರಲಿಲ್ಲ.”

ಮರೆಯಾಗುವ ತನಕ ನೋಡಿದಳು. ಆಮೇಲೆ ಸೆರಗಿನಿಂದ ಗಾಜನ್ನು ಒರೆಸಿ, “ದೆಹಲಿಯಿಂದ ಬರೋವಾಗ ಯಾವ ಕಡೆ ಕೂರಬೇಕು?” ಎಂದಳು.

“ಚಳಿಗಾಲದಲ್ಲಿ ಬಂದರೆ ಆಗಲೂ ಎಡಗಡೆಯೇ ಅಕ್ಕ. ಮಳೆಗಾಲದಲ್ಲಾದರೆ ಬಲಗಡೆ, ಮೋಡ ಕವಿದಿದ್ದರೆ ಯಾವ ಕಡೆಯಾದರೂ ಒಂದೇ.”

ಅದನ್ನು ತನ್ನ ಟಿಕೆಟ್ಟಿನ ಬೆನ್ನಿನ ಮೇಲೆ ದಪ್ಪ ಅಕ್ಷರಗಳಲ್ಲಿ ನನ್ನಿಂದ ಬರೆಯಿಸಿ, ಮಡಿಸಿ, ಕೈಚೀಲದಲ್ಲಿ ಇಟ್ಟುಕೊಂಡಳು.